ಒಂಬತ್ತು ಪರ್ಸೆಂಟಿನ ಜಗಳ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೂಗಿನ ತುದಿಯಲ್ಲಿ ನಿಂತಿದ್ದರೆ ಒರೆಸಿಕೊಳ್ಳಬಹುದಿತ್ತು. ಅದು ಅಲ್ಲಿಯವರೆಗೆ ಬರುವಷ್ಟು ಹೊತ್ತೂ ಕಾಯುವುದಿಲ್ಲ, ಬಾಯಿಂದ ಹೊರಗೆ ಬಿದ್ದಿರುತ್ತದೆ. ಅವತ್ತೂ ಹಾಗೇ ಆಯಿತು. ನನ್ನ ಹತ್ತಿರ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ ತನ್ನ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ಮೇಡಂ, ಮತ್ತೆ ಅದೇ ಬಂತು, ಒಂಬತ್ತು ಪರ್ಸೆಂಟ್," ಎಂದಳು. ಪರದೆಯನ್ನು ಸರಿಯಾಗಿ ನೋಡುವ ಮೊದಲೇ ನಾನು "ನಿನ್ನ ಕೋಡ್ ತಪ್ಪು," ಎಂದುಬಿಟ್ಟೆ.

ಆ ಒಂಬತ್ತು ಪರ್ಸೆಂಟ್ ಏನೆಂದು ಹೇಳದಿದ್ದರೆ ನಮ್ಮ ಜಗಳ ಯಾರಿಗೂ ಅರ್ಥವಾಗುವುದಿಲ್ಲ. ಬಲು ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತ, ಸುತ್ತುತ್ತ ಹತ್ತಿರವಾಗುತ್ತ, ಕೊನೆಗೆ ಡಿಕ್ಕಿ ಹೊಡೆದು ಒಂದಾಗುತ್ತವೆ. ಆ ರಭಸಕ್ಕೆ ಆಕಾಶವೇ ಅಲುಗಿ ಅಲೆಗಳೇಳುತ್ತವೆ. ಅವೇ ಗುರುತ್ವದ ಅಲೆಗಳು. ಕೋಟಿ ಕೋಟಿ ವರ್ಷ ಪ್ರಯಾಣ ಮಾಡಿ ಅವು ಭೂಮಿಯನ್ನು ಹಾದುಹೋಗುವಾಗ, ಹೊರದೇಶಗಳಲ್ಲಿ ಕಿಲೋಮೀಟರುಗಟ್ಟಲೆ ಉದ್ದದ ಕೊಳವೆಗಳೊಳಗೆ ಲೇಸರ್ ಬಿಟ್ಟುಕೊಂಡು ಕಾಯುತ್ತಿರುವವರು ಆ ಅಲುಗಾಟವನ್ನು ಹಿಡಿಯುತ್ತಾರೆ. ಅವರು ಹಿಡಿದದ್ದನ್ನು ನಮ್ಮಂಥವರು ಲೋಕದ ಮೂಲೆಮೂಲೆಯಲ್ಲಿ ಕುಳಿತು ಜಾಲಾಡುತ್ತೇವೆ.

ಡಿಕ್ಕಿಯಾದ ಮೇಲೆ ಹುಟ್ಟುವ ಹೊಸ ಕಪ್ಪುಕುಳಿ, ತಟ್ಟಿದ ಪಾತ್ರೆಯಂತೆ ಒಂದು ಗಳಿಗೆ ಮೊಳಗಿ ಸುಮ್ಮನಾಗುತ್ತದೆ. ಗಳಿಗೆ ಎಂದದ್ದು ಬಾಯಿಮಾತಿಗೆ, ನಿಜವಾಗಿ ಅದು ಕಣ್ಣು ಮಿಟುಕಿಸುವಷ್ಟು ಹೊತ್ತೂ ಇರುವುದಿಲ್ಲ. ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಇಲ್ಲಿ ಬಹಳ ಹಟಮಾರಿ. ಆ ಕುಳಿಯ ತೂಕ ಎಷ್ಟು, ಎಷ್ಟು ವೇಗವಾಗಿ ಗಿರಗಿರನೆ ತಿರುಗುತ್ತಿದೆ, ಇವೆರಡು ಹೇಳಿ ಸಾಕು, ಯಾವ ಸ್ವರದಲ್ಲಿ ಮೊಳಗಬೇಕು, ಎಷ್ಟು ಹೊತ್ತಿಗೆ ಆರಬೇಕು ಎಂದು ನಾನು ಹೇಳುತ್ತೇನೆ ಎನ್ನುತ್ತದೆ. ಹಾಗಾಗಿ ಪರೀಕ್ಷೆ ಸುಲಭ. ಸುತ್ತಾಟದ ಭಾಗದಿಂದ ತೂಕ ಲೆಕ್ಕ ಹಾಕು, ಮೊಳಗು ಹೇಗಿರಬೇಕೆಂದು ಸಿದ್ಧಾಂತವನ್ನು ಕೇಳು, ಆಮೇಲೆ ನಿಜವಾದ ಮೊಳಗನ್ನು ಕೇಳಿ ತಾಳೆ ನೋಡು. ವ್ಯತ್ಯಾಸ ಸೊನ್ನೆ ಬಂದರೆ ಸಿದ್ಧಾಂತ ಪಾಸು.

ನಮ್ಮ ಗುಂಪಿನಲ್ಲಿ ಆ ಸಿದ್ಧಾಂತಕ್ಕೆ ಅಜ್ಜ ಎಂದೇ ಹೆಸರು. ನೂರು ದಾಟಿದರೂ ಒಂದು ಹಲ್ಲೂ ಉದುರಿಲ್ಲ. "ಏನ್ ಗುರು, ಅಜ್ಜ ಇವತ್ತೂ ಪಾಸಾ?" ಎಂದು ಹುಡುಗರು ಬೆಳಿಗ್ಗೆ ಬಂದವರೇ ಕೇಳಿಕೊಳ್ಳುತ್ತಾರೆ. ಅಜ್ಜ ಒಂದು ಸಲವಾದರೂ ಎಡವಲಿ ಎಂಬ ಆಸೆ ಒಳಗೊಳಗೇ ಎಲ್ಲರಿಗೂ ಇದೆ. ಆದರೆ ಎಡವಿದನೆಂದು ಯಾರಾದರೂ ಬಂದು ಹೇಳಿದರೆ ಎಲ್ಲರೂ ಸೇರಿ ಅವರ ಮೇಲೇ ಬೀಳುತ್ತೇವೆ.

ನಮ್ಮ ಆಫೀಸೆಂದರೆ ಇಂದಿರಾನಗರದ ಹಳೆಯ ಮನೆಯೊಂದರ ಮಹಡಿ. ಸಂಸ್ಥೆಯ ಕಟ್ಟಡದಲ್ಲಿ ಜಾಗ ಸಾಲದೆ ನಮ್ಮ ಆರು ಜನರನ್ನು ಇಲ್ಲಿಗೆ ಸಾಗಹಾಕಿದ್ದಾರೆ. ಕೆಳಗೆ ಬೇಕರಿ. ಹನ್ನೊಂದು ಗಂಟೆಗೆ ಕೊಬ್ಬರಿ ತುಂಬಿದ ದಿಲ್‌ಪಸಂದ್ ಒಲೆಯಿಂದ ಹೊರಬರುವ ವಾಸನೆ ಮೆಟ್ಟಿಲು ಹತ್ತಿ ಬಂತೆಂದರೆ ಕಪ್ಪುಕುಳಿಯ ಮಾತು ಅಲ್ಲಿಗೆ ಮುಗಿಯಿತು. ನಮ್ಮನ್ನು ಇಲ್ಲಿಗೆ ತಳ್ಳಿದವರಿಗೆ ನಾನು ಮನಸ್ಸಿನಲ್ಲೇ ಎಷ್ಟೋ ಸಲ ಕೈ ಮುಗಿದಿದ್ದೇನೆ.

ಹುಡುಗಿ ಸಿಂಧನೂರಿನ ಕಡೆಯವಳು. ಬೈಯಪ್ಪನಹಳ್ಳಿಯಲ್ಲಿ ಬಾಡಿಗೆ ರೂಮಿನಲ್ಲಿ ಅವ್ವ ಅಪ್ಪನ ಜೊತೆ ಇದ್ದಳು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಬೇರೆಯವರು ಒಂದು ಸಲ ನೋಡುವುದನ್ನು ಅವಳು ಮೂರು ಸಲ ನೋಡುತ್ತಿದ್ದಳು. ಸಾಮಾನ್ಯವಾಗಿ ನಮ್ಮೊಂದಿಗೆ ಬೆಂಗಳೂರಿನ ಕನ್ನಡದಲ್ಲೇ ಮಾತಾಡುತ್ತಿದ್ದಳು. ಸಿಟ್ಟು ಬಂದರೆ ಮಾತ್ರ ಸಿಂಧನೂರು ಹೊರಗೆ ಬರುತ್ತಿತ್ತು.

ಆ ವರ್ಷ ಒಂದು ಸಿಗ್ನಲ್ ಬಂದಿತ್ತು, ಬಹಳ ಜೋರಾದದ್ದು, ಸ್ಪಷ್ಟವಾದದ್ದು. ಅವಳ ಥೀಸಿಸ್ಸಿನ ಕೊನೆಯ ಅಧ್ಯಾಯಕ್ಕೆ ಅದನ್ನೇ ಕೊಟ್ಟಿದ್ದೆ. ಹೊಸ ಕುಳಿಯ ತೂಕ, ತಿರುಗುವ ವೇಗ ಎಲ್ಲ ಇರುವ ನನ್ನದೊಂದು ಫೈಲನ್ನೂ ಕೊಟ್ಟಿದ್ದೆ. ಅವಳ ಕೆಲಸ ಮೊಳಗನ್ನು ಅಳೆದು ತಾಳೆ ನೋಡುವುದು. ಅಳೆದಳು. ಸ್ವರ ತಗ್ಗಿತ್ತು. ಅಜ್ಜ ಹೇಳಿದ ಸ್ವರ, ನಮಗೆ ಕೇಳಿಸಿದ ಸ್ವರಕ್ಕಿಂತ ಒಂಬತ್ತು ಪರ್ಸೆಂಟ್ ಮೇಲಿತ್ತು. ನಮ್ಮ ಕಸುಬಿನಲ್ಲಿ ಒಂಬತ್ತು ಪರ್ಸೆಂಟ್ ಎಂದರೆ ಸಣ್ಣ ಮಾತಲ್ಲ. ನಿಜವಾದರೆ ಭೌತಶಾಸ್ತ್ರದ ಪುಸ್ತಕಗಳನ್ನೆಲ್ಲ ಮತ್ತೆ ಬರೆಯಬೇಕು. ಸುಳ್ಳಾದರೆ ನಮ್ಮ ಮುಖಕ್ಕೆ ಮಸಿ.

ನಾನು ಮೂರು ವಾರ ಅವಳನ್ನು ಗೋಳು ಹೊಯ್ದುಕೊಂಡೆ. ಸಿಗ್ನಲ್ಲಿಗೆ ಬೆರೆತ ಗದ್ದಲ ಸರಿಯಾಗಿ ಸೋಸಿಲ್ಲ ಎಂದೆ, ಮತ್ತೆ ಸೋಸಿದಳು. ಮೊಳಗು ಶುರುವಾಗುವ ಮೊದಲೇ ಕೇಳಲು ಶುರುಮಾಡಿದ್ದೀಯ, ಡಿಕ್ಕಿಯ ಸದ್ದೇ ಒಳಗೆ ಬಂದಿದೆ ಎಂದೆ, ಸ್ವಲ್ಪ ಸ್ವಲ್ಪವೇ ಮುಂದೆ ಸರಿಸಿ ಹತ್ತು ಕಡೆಯಿಂದ ಕೇಳಿದಳು. ಅಲೆ ಹಿಡಿಯುವ ಒಂದು ಯಂತ್ರದಲ್ಲೇ ದೋಷವಿರಬೇಕು ಎಂದೆ, ಎರಡು ಯಂತ್ರಗಳನ್ನೂ ಬೇರೆ ಬೇರೆ ಮಾಡಿ ನೋಡಿದಳು. ಒಂಬತ್ತು ಅಲ್ಲಾಡಲಿಲ್ಲ. ಎರಡನೇ ವಾರ ಒಮ್ಮೆ, "ಮೇಡಂ, ನೀವು ಕೊಟ್ಟ ಫೈಲ್ ಒಂದ್ಸಲ ನೋಡ್ಲಾ?" ಎಂದು ಮೆಲ್ಲಗೆ ಕೇಳಿದಳು. "ಅದನ್ನ ಇಡೀ ಗುಂಪು ಬಳಸ್ತಿದೆ. ಅದಕ್ಕೆ ಕೈ ಹಾಕ್ಬೇಡ, ನಿನ್ನದನ್ನ ನೋಡ್ಕೋ," ಎಂದು ಅವಳ ಬಾಯಿ ಮುಚ್ಚಿಸಿದೆ.

ಮೊದಲು ಹೇಳಿದೆನಲ್ಲ, ಆ ದಿನ ಸೋಮವಾರ. ನಾನು ಮತ್ತೆ "ನಿನ್ನ ಕೋಡ್ ತಪ್ಪು" ಎಂದಾಗ, ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಮುಖ ಕೆಂಪಾಗಿತ್ತು.

"ಮೂರು ವಾರ ಆತ್ರಿ ಮೇಡಂ. ನೀವು ಹೇಳಿದ್ದೆಲ್ಲಾ ಮಾಡೀನಿ. ನನ್ನ ಕೈಲೇ ಆಗಂಗಿಲ್ಲ ಅಂತ ನಿಮಗ ಅನಸಿದ್ರ ಹಂಗಾ ಹೇಳಿಬಿಡ್ರಿ."

"ನಾನು ಹಾಗೆ ಎಲ್ಲಿ ಹೇಳ್ದೆ?"

"ದಿನಾ ಹೇಳಾಕತ್ತೀರಿ." ಚೀಲ ಹೆಗಲಿಗೆ ಹಾಕಿಕೊಂಡಳು. "ಕೆ.ಆರ್. ಪುರದಾಗ ಒಂದು ಕೋಚಿಂಗ್ ಸೆಂಟರಿನೋರು ಕರದಾರ. ಫಿಸಿಕ್ಸ್ ಹೇಳಿಕೊಡಾಕ. ಶುಕ್ರವಾರ ಸಂಜಿಗೆ ಹೇಳ್ತೀನಿ ಅಂದೀನಿ. ಅಷ್ಟರಾಗ ಇದು ಬಗಿಹರೀಲಿಲ್ಲಂದ್ರ ನಾ ಹೋಗ್ತೀನ್ರಿ."

ಶುಕ್ರವಾರ ಮಧ್ಯಾಹ್ನ ನಮ್ಮ ಗುಂಪಿನ ಮೀಟಿಂಗ್ ಇರುತ್ತದೆ. ಅವಳ ಅಧ್ಯಾಯ ಉಳಿಯಬೇಕೋ ಬಿಡಬೇಕೋ ಎಂದು ಅಲ್ಲೇ ತೀರ್ಮಾನವಾಗಬೇಕಿತ್ತು. ಅವಳು ಮೆಟ್ಟಿಲಿಳಿದು ಹೋದಳು. ನಾನು ಹಿಂದೆ ಹೋಗಿ ಕರೆಯಲಿಲ್ಲ. ನಾಳೆ ತಾನೇ ಬರುತ್ತಾಳೆ ಎಂದುಕೊಂಡೆ. ಮಂಗಳವಾರ ಬರಲಿಲ್ಲ. ಅವಳ ಖಾಲಿ ಕುರ್ಚಿಯನ್ನು ದಿನವಿಡೀ ನೋಡುತ್ತ ಕುಳಿತೆ. ಅಷ್ಟು ಒಳ್ಳೆಯ ವಿದ್ಯಾರ್ಥಿ ನನಗೆ ಹಿಂದೆ ಸಿಕ್ಕಿರಲಿಲ್ಲ, ಅದನ್ನು ನಾನು ಅವಳಿಗೆ ಒಂದು ದಿನವೂ ಹೇಳಿರಲಿಲ್ಲ.

ಬುಧವಾರ ನಾನೂ ರಜೆ ಹಾಕಿ ಕಗ್ಗದಾಸಪುರದ ಮನೆಯಲ್ಲಿ ಗಂಟು ಮುಖ ಹಾಕಿಕೊಂಡು ಕುಳಿತೆ. ನನ್ನ ಗಂಡ ಬ್ಯಾಂಕಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡವರು. ಆಮೇಲೆ ಅವರಿಗೆ ಹಳೆಯ ಕ್ಯಾಸೆಟ್ಟುಗಳ ಹುಚ್ಚು ಹತ್ತಿದೆ. ಶಿವಾಜಿನಗರದಲ್ಲಿ ಒಂದು ಹಳೆಯ ಟೇಪ್ ರೆಕಾರ್ಡರ್ ಕೊಂಡು, ಅಲ್ಲೇ ರಿಪೇರಿಗೂ ಕೊಟ್ಟಿದ್ದರು.

"ಇಲ್ಲಿ ಕೂತು ಗೋಡೆ ಮೇಲೆ ರೇಗೋ ಬದಲು ನನ್ನ ಜೊತೆ ಬಾರೇ. ಟೇಪ್ ರೆಡಿ ಆಗಿದೆಯಂತೆ," ಎಂದರು.

"ನಿಮ್ಮ ಗುಜರಿ ಸಾಮಾನು ನೋಡೋಕೆ ನಾನು ಯಾಕ್ ಬರ್ಲಿ?"

"ಬಿರಿಯಾನಿ ಕೊಡಿಸ್ತೀನಿ."

ಹೋದೆ. ರೈಲ್ವೆ ಗೇಟು ಹಾಕಿತ್ತು, ಯಾವಾಗ ಹಾಕಿರುವುದಿಲ್ಲ ಅದು? ಅಲ್ಲಿ ನಿಂತು ಅದರ ಮೇಲೂ ರೇಗಿದೆ. ಮೆಟ್ರೋ ಹತ್ತಿ ಎಂ.ಜಿ. ರಸ್ತೆಯಲ್ಲಿ ಇಳಿದು, ಆಟೋ ಹಿಡಿದು ಶಿವಾಜಿನಗರ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಂಗಡಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿತ್ತು. ಒಬ್ಬರು ಕುಳಿತರೆ ಇನ್ನೊಬ್ಬರು ನಿಲ್ಲಬೇಕಾದಷ್ಟು ಜಾಗ, ಸುತ್ತ ಮೇಲಿಂದ ಕೆಳಗಿನವರೆಗೆ ರೇಡಿಯೋ, ಟೇಪು, ಮೈಕ್ ಸೆಟ್ಟಿನ ಹೊಟ್ಟೆ ಬಗೆದ ಭಾಗಗಳು. ಅಂಗಡಿಯ ಸಾಹೇಬರು ಅರವತ್ತು ದಾಟಿದವರು. ನನಗೆ ಸ್ಟೂಲ್ ಕೊಟ್ಟು ತಾವು ನಿಂತರು.

ನನ್ನ ಗಂಡ ಚೀಲದಿಂದ ಒಂದು ಕ್ಯಾಸೆಟ್ ತೆಗೆದು ಕೊಟ್ಟರು. ನೋಡಿದರೆ ಅದು ನನ್ನದೇ. ಏಳನೇ ಕ್ಲಾಸಿನಲ್ಲಿದ್ದಾಗ ಭಾಷಣ ಸ್ಪರ್ಧೆಗೆ ಅಭ್ಯಾಸ ಮಾಡುವಾಗ ನನ್ನ ಅಪ್ಪ ರೆಕಾರ್ಡ್ ಮಾಡಿದ್ದು. ನನಗೆ ಗೊತ್ತಿಲ್ಲದೆ ತವರಿನಿಂದ ತಂದಿದ್ದರು. ಸಾಹೇಬರು ಗುಂಡಿ ಒತ್ತಿದರು. "ಪೂಜ್ಯ ಗುರುಗಳೇ, ನನ್ನ ನೆಚ್ಚಿನ ಸಹಪಾಠಿಗಳೇ" ಎಂದು ಒಬ್ಬ ದಪ್ಪ ಗಂಟಲಿನ ಗಂಡಸು ನಿಧಾನವಾಗಿ, ಎಳೆದು ಎಳೆದು ಮಾತಾಡತೊಡಗಿದ.

ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. "ಆಗ್ಲೇ ಗೊತ್ತಿದ್ರೆ ಮದುವೆ ಬೇಡ ಅಂತಿದ್ದೆ ಕಣೇ."

"ಸ್ಪೀಕರ್ ಕೆಟ್ಟಿದೆ. ಏನ್ ರಿಪೇರಿ ಮಾಡಿದೀರಿ ನೀವು?" ನಾನು ಸಾಹೇಬರ ಮೇಲೆ ಹರಿಹಾಯ್ದೆ.

ಅವರಿಗೆ ಒಂದಿಷ್ಟೂ ಬೇಸರವಾಗಲಿಲ್ಲ. "ಏಕ್ ಮಿನಿಟ್ ಮೇಡಂ. ಬರೇ ಕಿವಿ ನಂಬಿ ರಿಪೇರಿ ಮಾಡ್ಬಾರ್ದು," ಎಂದು ಡ್ರಾಯರಿನಿಂದ ತಮ್ಮದೇ ಒಂದು ಕ್ಯಾಸೆಟ್ ತೆಗೆದು ಹಾಕಿದರು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ನೋಡುತ್ತ ನಿಂತರು. ಯಾವುದೋ ಬರೀ ವಾದ್ಯದ ಟ್ಯೂನ್ ಬಂತು, ಅದೂ ಎಳೆದೆಳೆದು. ಅದು ಮುಗಿದಾಗ ತಲೆಯಾಡಿಸಿದರು.

"ಈ ಟ್ಯೂನು ಸರಿಯಾಗಿ ಮೂರು ನಿಮಿಷ. ಈಗ ನಾಲ್ಕೂವರೆ ಹತ್ರ ಆಯ್ತು. ನೋಡಿ ಮೇಡಂ, ಆವಾಜ್ ದಪ್ಪ ಆಗಿದೆ, ಟೈಮ್ ಸರಿ ಇದೆ ಅಂದ್ರೆ ಸ್ಪೀಕರ್ ಖರಾಬು. ಆವಾಜೂ ದಪ್ಪ, ಟೈಮೂ ಜಾಸ್ತಿ, ಎರಡೂ ಒಂದೇ ಲೆಕ್ಕದಲ್ಲಿ ಜಾಸ್ತಿ ಅಂದ್ರೆ ಹಾಡೂ ಸರಿ, ಸ್ಪೀಕರೂ ಸರಿ. ಬೆಲ್ಟ್ ಲೂಸು. ಇಡೀ ಟೇಪೇ ಸ್ಲೋ ಓಡ್ತಿದೆ."

ಅವರು ಸ್ಕ್ರೂಡ್ರೈವರ್ ತೆಗೆದುಕೊಂಡು ಮುಚ್ಚಳ ಬಿಚ್ಚತೊಡಗಿದರು. ನಾನು ಸ್ಟೂಲಿನ ಮೇಲೆ ಹಾಗೇ ಕುಳಿತಿದ್ದೆ. ಎರಡೂ ಒಂದೇ ಲೆಕ್ಕದಲ್ಲಿ! ನಾವು ಮೂರು ವಾರದಿಂದ ಬಡಿದಾಡುತ್ತಿದ್ದದ್ದು ಬರೀ ಸ್ವರದ ಬಗ್ಗೆ. ಮೊಳಗು ಎಷ್ಟು ಹೊತ್ತಿಗೆ ಆರಿತು ಎಂಬುದನ್ನೂ ಹುಡುಗಿ ಅಳೆದಿದ್ದಳು. ಆದರೆ ಆ ಅಳತೆ ಸ್ವರದಷ್ಟು ಖಚಿತವಲ್ಲ, ಅನುಮಾನದ ಅಂಚು ಅಗಲ. ಅದಕ್ಕೇ ಅದನ್ನು ನಾನು ಕಣ್ಣೆತ್ತಿಯೂ ನೋಡಿರಲಿಲ್ಲ. ಫೋನ್ ತೆಗೆದು ಅವಳು ಕಳಿಸಿದ್ದ ಚಿತ್ರಗಳನ್ನು ಹುಡುಕಿದೆ. ಸಿಕ್ಕಿತು. ಅಜ್ಜ ಹೇಳಿದ್ದಕ್ಕಿಂತ ಮೊಳಗು ಹೆಚ್ಚು ಹೊತ್ತು ಇತ್ತು. ಎಷ್ಟು ಹೆಚ್ಚು? ಅಂಚು ಅಗಲವಿದ್ದರೂ ಅದರ ನಡುಮಧ್ಯೆ ಒಂಬತ್ತು ಪರ್ಸೆಂಟಿನ ಆಸುಪಾಸಿನಲ್ಲೇ ಕುಳಿತಿತ್ತು.

"ಬೆಲ್ಟು!" ಎಂದು ಕೂಗಿದೆ.

"ಹೌದು ಮೇಡಂ, ಬೆಲ್ಟೇ," ಎಂದರು ಸಾಹೇಬರು, ತಲೆ ಎತ್ತದೆ.

ಸ್ವರವೂ ತಗ್ಗು, ಹೊತ್ತೂ ಹೆಚ್ಚು, ಎರಡೂ ಒಂದೇ ಲೆಕ್ಕದಲ್ಲಿ. ಹಾಗಾದರೆ ಹಾಡು ಸರಿ. ಹುಡುಗಿಯ ಅಳತೆ ಸರಿ. ಅಜ್ಜನೂ ಸರಿ. ಇಡೀ ಟೇಪೇ ನಿಧಾನ ಓಡುತ್ತಿದೆ. ಆಕಾಶದಲ್ಲಿ ಇಡೀ ಟೇಪನ್ನು ನಿಧಾನ ಓಡಿಸುವುದು ಒಂದೇ ಒಂದು, ಅದನ್ನು ನಾನು ಹದಿನೈದು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ವಿಶ್ವ ಹಿಗ್ಗುತ್ತಿದೆ. ಅಲೆ ನಮ್ಮ ಕಡೆ ಬರುತ್ತಿದ್ದ ಕೋಟಿ ಕೋಟಿ ವರ್ಷಗಳಲ್ಲಿ ದಾರಿಯೇ ಹಿಗ್ಗಿ, ಅಲೆಯೂ ಹಿಗ್ಗಿ, ಸ್ವರ ತಗ್ಗಿ, ಮೊಳಗು ಉದ್ದವಾಗಿರುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ. ಅದಕ್ಕೇ ನಮ್ಮಲ್ಲಿ ಪ್ರತಿ ಕುಳಿಗೂ ಎರಡು ತೂಕ ಬರೆದಿಡುತ್ತೇವೆ. ಅಲ್ಲಿ ಇದ್ದ ನಿಜವಾದ ತೂಕ ಒಂದು, ಹಿಗ್ಗಿ ಬಂದ ಅಲೆಯಲ್ಲಿ ಇಲ್ಲಿಗೆ ಕಾಣುವ ತೂಕ ಇನ್ನೊಂದು. ಭಾರವಾದ ಕುಳಿ ತಗ್ಗಿದ ಸ್ವರದಲ್ಲಿ ಹೆಚ್ಚು ಹೊತ್ತು ಮೊಳಗುವುದರಿಂದ, ಹಿಗ್ಗಿದ ಅಲೆಯಲ್ಲಿ ಕುಳಿ ಇದ್ದದ್ದಕ್ಕಿಂತ ಭಾರವಾಗಿ ಕಾಣುತ್ತದೆ. ತಾಳೆ ನೋಡಬೇಕಾದದ್ದು ಇಲ್ಲಿಗೆ ಕಾಣುವ ತೂಕದ ಜೊತೆ. ಆ ಸಿಗ್ನಲ್ ಬಂದ ದೂರಕ್ಕೆ ಹಿಗ್ಗು ಎಷ್ಟೆಂದು ಫೋನಿನಲ್ಲೇ ಹುಡುಕಿದೆ. ಒಂಬತ್ತು ಪರ್ಸೆಂಟ್.

ಹಾಗಾದರೆ ತಪ್ಪು ತೂಕ ಎಲ್ಲಿಂದ ಬಂತು? ನನ್ನ ಫೈಲಿನಿಂದ. ಸಿಗ್ನಲ್ ಬಂದ ವಾರ ಹಲಸೂರಿನ ಒಂದು ಶಾಲೆಯಲ್ಲಿ ಮಕ್ಕಳಿಗೆ ಅದರ ಬಗ್ಗೆ ಹೇಳಲು ಕರೆದಿದ್ದರು. ಮಕ್ಕಳಿಗೆ ಹಿಗ್ಗಿನ ಗೋಜಲು ಯಾಕೆ ಎಂದು ಅಲ್ಲಿನ ನಿಜವಾದ ತೂಕವನ್ನಷ್ಟೇ ಬರೆದು ಒಂದು ಪಟ್ಟಿ ಮಾಡಿಕೊಂಡಿದ್ದೆ. ವಾಪಸ್ ಬಂದವಳೇ ಅದಕ್ಕೆ 'ಫೈನಲ್' ಎಂದು ಹೆಸರಿಟ್ಟು, ಗುಂಪಿನ ಫೋಲ್ಡರಿಗೆ ಹಾಕಿ, ಮರೆತಿದ್ದೆ. ಫೈನಲ್ ಎಂದು ಮೇಡಮ್ಮೇ ಬರೆದ ಮೇಲೆ ಅದನ್ನು ಬಿಚ್ಚಿ ನೋಡುವವರು ಯಾರು? ನೋಡಲೇ ಎಂದು ಕೇಳಿದವಳು ಒಬ್ಬಳೇ. ಅವಳನ್ನೇ ಗದರಿಸಿ ಕೂರಿಸಿದ್ದೆ.

ತಪ್ಪು ನನ್ನದೇ ಎಂದು ಗೊತ್ತಾಗಿ ಅಷ್ಟು ಖುಷಿಪಟ್ಟ ದಿನ ನನ್ನ ಬದುಕಿನಲ್ಲಿ ಇನ್ನೊಂದಿಲ್ಲ. ನಾಚಿಕೆ ಆಗಲಿಲ್ಲವೆಂದಲ್ಲ, ಕಿವಿಯವರೆಗೆ ಬಿಸಿಯಾಗಿತ್ತು. ಆದರೂ ನಗು ತಡೆಯಲಾಗಲಿಲ್ಲ. ವಿಶ್ವದ ಹಿಗ್ಗನ್ನೇ ಲೆಕ್ಕದಿಂದ ಬಿಟ್ಟುಬಿಟ್ಟು, ಅದು ಎಲ್ಲಿ ಹೋಯಿತೆಂದು ಮೂರು ವಾರ ಒಬ್ಬ ಹುಡುಗಿಯ ಜೊತೆ ಜಗಳವಾಡಿದ್ದೆನಲ್ಲ! ಸಾಹೇಬರ ಎರಡೂ ಕೈ ಹಿಡಿದು "ತುಂಬಾ ಉಪಕಾರ ಆಯ್ತು" ಎಂದೆ. ಟೇಪಿಗೆ ಇನ್ನೂ ಹೊಸ ಬೆಲ್ಟ್ ಹಾಕಿಯೇ ಇರಲಿಲ್ಲ, ಅವರು ನನ್ನ ಗಂಡನ ಮುಖ ನೋಡಿದರು.

"ನೀವು ಬಿರಿಯಾನಿ ತಿನ್ಕೊಂಡು ಬನ್ನಿ, ನಾನು ಬೈಯಪ್ಪನಹಳ್ಳಿಗೆ ಹೋಗ್ಬೇಕು," ಎಂದೆ.

"ನೀನು ಬಿರಿಯಾನಿ ಬಿಟ್ಟು ಹೋಗ್ತಿದೀಯ ಅಂದ್ರೆ ಯಾರಿಗೋ ಏನೋ ಆಗಿದೆ," ಎಂದರು ಅವರು.

"ನನಗೇ ಆಗಿದೆ," ಎಂದು ಓಡಿದೆ.

ಅವಳ ಮನೆಗೆ ನಾನು ಹಿಂದೆಂದೂ ಹೋದವಳಲ್ಲ. ಮೆಟ್ರೋ ಡಿಪೋದ ಗೋಡೆಯ ಹಿಂದೆ, ಸಾಲಾಗಿ ಕಟ್ಟಿದ ರೂಮುಗಳಲ್ಲಿ ಕೇಳಿಕೊಂಡು ಕೇಳಿಕೊಂಡು ಹೋದೆ. ದೂರದಿಂದಲೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಅವಳ ಅವ್ವ ಸುತ್ತಲಿನ ಹಾಸ್ಟೆಲುಗಳಿಗೆ ಜೋಳದ ರೊಟ್ಟಿ ಮಾಡಿ ಕೊಡುತ್ತಾರೆ. ಬಾಗಿಲಲ್ಲಿ ನನ್ನನ್ನು ಕಂಡು ಎದ್ದು ನಿಂತರು.

"ಯವ್ವಾ, ಮೇಡಮ್ಮಾರು! ಬರ್ರಿ, ಒಳಗ ಬರ್ರಿ. ಏನ್ ಮಾಡ್ಯಾಳ್ರಿ ನಮ್ಮಾಕಿ?"

"ಅವಳೇನೂ ಮಾಡಿಲ್ಲ. ನಾನು ಮಾಡಿದೀನಿ," ಎಂದೆ.

ಹುಡುಗಿ ಮೂಲೆಯಲ್ಲಿ ಕುಳಿತು ಒಂಬತ್ತನೇ ಕ್ಲಾಸಿನ ಭೌತಶಾಸ್ತ್ರದ ಪುಸ್ತಕ ಓದುತ್ತಿದ್ದಳು. ಕೋಚಿಂಗ್ ಸೆಂಟರಿಗೆ ತಯಾರಿ. ಏದುಸಿರು ಬಿಡುತ್ತಲೇ ಎಲ್ಲ ಹೇಳಿದೆ, ಟೇಪು, ಬೆಲ್ಟು, ಹಿಗ್ಗು, ನನ್ನ ಫೈಲು. ಅವಳು ಮುಖದಲ್ಲಿ ಏನೂ ತೋರಿಸದೆ ಕೇಳಿದಳು.

"ಮೊದಲು ನೋಡ್ತೀನ್ರಿ," ಎಂದು ಲ್ಯಾಪ್‌ಟಾಪ್ ತೆಗೆದಳು.

ನನ್ನ ಮಾತನ್ನು ಅವಳು ಹಾಗೇ ನಂಬಲಿಲ್ಲ. ನನಗೆ ಅದು ಎಷ್ಟು ಹಿತವಾಯಿತೆಂದರೆ ಹೇಳಲಾರೆ. ಫೈಲ್ ಬಿಚ್ಚಿದಳು, ದೂರ ನೋಡಿದಳು, ಹಿಗ್ಗನ್ನು ತಾನೇ ಲೆಕ್ಕ ಹಾಕಿದಳು, ಇನ್ನೊಮ್ಮೆ ಹಾಕಿದಳು. ಅಷ್ಟರಲ್ಲಿ ಅವಳ ಅವ್ವ ನನ್ನ ಮುಂದೆ ತಟ್ಟೆ ಇಟ್ಟು, ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಬಡಿಸಿದರು. ಬಿರಿಯಾನಿ ತಪ್ಪಿದ್ದರಿಂದ ಹೊಟ್ಟೆ ಚುರುಗುಟ್ಟುತ್ತಿತ್ತು. ಎರಡು ರೊಟ್ಟಿ ಮುಗಿಸುವ ಹೊತ್ತಿಗೆ ಅವಳು ತಲೆ ಎತ್ತಿದಳು.

"ಹೌದ್ರಿ. ನಿಮ್ಮದಾ ತಪ್ಪು."

"ನನ್ನದೇ. ನಿನ್ನ ಮಾತು ಕೇಳ್ಬೇಕಿತ್ತು. ತಪ್ಪಾಯ್ತು." ಆ ಮೂರು ಮಾತು ನನ್ನ ಬಾಯಿಂದ ಹೊರಡುವುದು ಎಷ್ಟು ಕಷ್ಟವೆಂದು ಬೇಕಾದರೆ ನನ್ನ ಗಂಡನನ್ನು ಕೇಳಿ. "ನಿನ್ನ ಕೆಲಸದಲ್ಲಿ ಒಂದು ಕೂದಲಿನಷ್ಟೂ ತಪ್ಪಿರ್ಲಿಲ್ಲ. ನೀನು ನನ್ನ ತಪ್ಪನ್ನೂ ಸರಿಯಾಗಿ ಅಳೆದಿದ್ದೀಯ."

ಅವಳ ಕಣ್ಣು ತುಂಬಿಕೊಂಡಿತು. ಆದರೆ ದನಿ ಬಿಗಿಯಾಗೇ ಇತ್ತು. "ಇಲ್ಲಿ ಬಂದು ಹೇಳಿದ್ದು ಆತ್ರಿ. ಶುಕ್ರವಾರ ಬೋರ್ಡಿನ ಮ್ಯಾಲ ಬರೀತೀರೇನ್ರಿ?"

ಬೋರ್ಡಿನ ವಿಷಯ ಹೇಳಬೇಕು. ಮೀಟಿಂಗ್ ರೂಮಿನಲ್ಲಿ ಒಂದು ಬಿಳಿ ಬೋರ್ಡಿದೆ. ನಮ್ಮ ಗುಂಪಿನಲ್ಲಿ ಯಾರ ತಪ್ಪು ಹೊರಗೆ ಬರುತ್ತದೋ ಅವರೇ ತಮ್ಮ ಕೈಬರಹದಲ್ಲಿ ಅಲ್ಲಿ ಬರೆಯಬೇಕು. ಎಲ್ಲರೂ ಕಲಿಯಲಿ ಎಂದು ಆ ಪದ್ಧತಿ ಶುರುಮಾಡಿದವಳು ನಾನೇ. ಉಳಿದ ಐವರ ಕೈಬರಹವೂ ಅದರ ಮೇಲಿತ್ತು. ನನ್ನದು ಮಾತ್ರ ಇರಲಿಲ್ಲ. ನಾನು ತಪ್ಪೇ ಮಾಡುವುದಿಲ್ಲ ಎಂದು ಎಲ್ಲರೂ, ಮುಖ್ಯವಾಗಿ ನಾನು, ನಂಬಿಕೊಂಡಿದ್ದೆವು.

"ಬರೀತೀನಿ," ಎಂದೆ.

"ನೋಡೋಣ್ರಿ," ಎಂದಳು. ಇರುತ್ತೇನೆ ಎನ್ನಲಿಲ್ಲ, ಹೋಗುತ್ತೇನೆ ಎಂದೂ ಅನ್ನಲಿಲ್ಲ. ಅವಳ ಅವ್ವ ನನ್ನ ತಟ್ಟೆಗೆ ಮೂರನೇ ರೊಟ್ಟಿ ಹಾಕಿದರು.

ಶುಕ್ರವಾರ ಅವಳು ಬಂದಳು. ಎಲ್ಲರಿಗಿಂತ ಹಿಂದಿನ ಕುರ್ಚಿಯಲ್ಲಿ ಕುಳಿತಳು. ನಾನು ಪೆನ್ ತೆಗೆದುಕೊಂಡು ಬೋರ್ಡಿನ ಮುಂದೆ ನಿಂತಾಗ ಹುಡುಗರು ಯಾರನ್ನೋ ಬೈಯಲು ಹೊರಟಿದ್ದೇನೆ ಎಂದುಕೊಂಡು ತಲೆ ತಗ್ಗಿಸಿದರು. ನಾನು ಬರೆದೆ: 'ಫೈನಲ್ ಎಂಬ ಫೈಲಿನಲ್ಲಿ ಅಲ್ಲಿನ ತೂಕ ಇದೆ, ಇಲ್ಲಿಗೆ ಕಾಣುವ ತೂಕವಲ್ಲ. ಹಾಕಿದವಳು ನಾನು. ನೋಡಲೇ ಎಂದು ಕೇಳಿದವಳನ್ನು ಗದರಿಸಿದವಳೂ ನಾನು.' ಕೆಳಗೆ ತಾರೀಖು ಹಾಕಿ ಸಹಿ ಮಾಡಿದೆ.

ಹುಡುಗರು ತಲೆ ಎತ್ತಿ ಓದಿದರು. ಆಮೇಲೆ ಒಬ್ಬ ಹುಡುಗ, "ಮೇಡಂ, ನನ್ನ ಎರಡು ಲೆಕ್ಕಾನೂ ಅದೇ ಫೈಲಿಂದ ಮಾಡಿದ್ದು," ಎಂದ. ಇನ್ನೊಬ್ಬ "ನಂದು ಮೂರು" ಎಂದ. ಮೊದಲು ನಕ್ಕವರು ಯಾರೋ ಗೊತ್ತಿಲ್ಲ, ಒಬ್ಬರಿಂದ ಒಬ್ಬರಿಗೆ ಹತ್ತಿ ಇಡೀ ರೂಮು ನಗುತ್ತಿತ್ತು. ನಾನೂ ನಕ್ಕೆ. ಅಷ್ಟು ವರ್ಷ ಹೊತ್ತುಕೊಂಡಿದ್ದ ಯಾವುದೋ ಭಾರ ಇಳಿದು ಮೈ ಹಗುರವಾಗಿತ್ತು. ಇನ್ನೂ ಮೊದಲೇ ಒಂದು ತಪ್ಪು ಮಾಡಬೇಕಿತ್ತು ಅನ್ನಿಸಿತು. ಮಾಡಿರುತ್ತೇನೆ, ಯಾರೂ ಹೇಳಿರಲಾರರು.

"ಸರಿಯಾದ ತೂಕ ಹಾಕಿ ಇಲ್ಲೇ ಓಡ್ಸು," ಎಂದು ಹುಡುಗಿಗೆ ಹೇಳಿದೆ. ಅವಳು ಎದ್ದು ಬಂದು ಲ್ಯಾಪ್‌ಟಾಪನ್ನು ಗೋಡೆಯ ಪರದೆಗೆ ಜೋಡಿಸಿದಳು. ಲೆಕ್ಕ ಮುಗಿಯಲು ಸ್ವಲ್ಪ ಹೊತ್ತು ಬೇಕಿತ್ತು. ಅಷ್ಟೂ ಹೊತ್ತು ಯಾರೂ ಜಾಗ ಬಿಟ್ಟು ಏಳಲಿಲ್ಲ. ಕೊನೆಗೆ ಪರದೆಯ ಮೇಲೆ, ವ್ಯತ್ಯಾಸ ತೋರಿಸುವ ಗ್ರಾಫಿನಲ್ಲಿ ಒಂದು ಗುಡ್ಡ ಮೂಡಿತು. ಚೂಪಾದ, ಚೊಕ್ಕ ಗುಡ್ಡ. ಅದರ ತುದಿ ಸರಿಯಾ‌ಗಿ ಸೊನ್ನೆಯ ಮೇಲೆ ನಿಂತಿತ್ತು.

ಹೊರಗಿನವರಿಗೆ ಇದು ಹೇಗೆ ಕಾಣುತ್ತದೋ ಏನೋ. ವರ್ಷಗಟ್ಟಲೆ ಕೆಲಸ ಮಾಡಿ ಕೊನೆಗೆ ಏನು ಸಿಕ್ಕಿತೆಂದರೆ ಸೊನ್ನೆ. ಅದಕ್ಕೇ ನಾವು ಬೆಂಚು ಬಡಿದು ಚಪ್ಪಾಳೆ ಹೊಡೆದೆವು. ಕೆಳಗಿನ ಬೇಕರಿಯವರು ಏನಾಯಿತೋ ಎಂದು ಮೇಲೆ ಬಂದು ನೋಡಿದರು. "ಅಜ್ಜ ಪಾಸು!" ಎಂದು ಹುಡುಗರು ಕೂಗಿದ್ದು ಕೇಳಿ, ಯಾರದೋ ಅಜ್ಜ ಪರೀಕ್ಷೆ ಕಟ್ಟಿದ್ದರೆಂದುಕೊಂಡು ಒಂದು ತಟ್ಟೆ ತುಂಬ ಹನಿಕೇಕ್ ಕಳಿಸಿದರು. ಆ ಸಿದ್ಧಾಂತ ಎಡವಲಿ ಎಂದು ಒಳಗೊಳಗೇ ಆಸೆಪಟ್ಟಿದ್ದ ನಾನೇ, ಅದು ನಿಂತದ್ದನ್ನು ನೋಡಿ ಎಲ್ಲರಿಗಿಂತ ಜೋರಾಗಿ ಬೆಂಚು ಬಡಿದಿದ್ದೆ. ಕೋಟಿ ಕೋಟಿ ವರ್ಷದ ಹಿಂದೆ, ನಾವ್ಯಾರೂ ಇಲ್ಲದಾಗ ಮೊಳಗಿ ಆರಿದ ಒಂದು ಸದ್ದು, ಕಾಗದದ ಮೇಲೆ ಮನುಷ್ಯರು ಬರೆದ ಸೂತ್ರ ಹೇಳಿದಂತೆಯೇ ಇತ್ತು. ಅದನ್ನು ಕಂಡುಹಿಡಿದವಳು ಬೈಯಪ್ಪನಹಳ್ಳಿಯ ಆ ರೂಮಿನಿಂದ ಎದ್ದು ಬಂದವಳು.

ಅವಳು ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಪರದೆಯ ಹತ್ತಿರ ಹೋಗಿ ಆ ಗುಡ್ಡವನ್ನು ಬಹಳ ಹೊತ್ತು ನೋಡುತ್ತ ನಿಂತಳು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಹೆಸರು ನೋಡಿ, ನನ್ನನ್ನು ನೋಡಿ, ಕಿಟಕಿಯ ಹತ್ತಿರ ಹೋದಳು. ಕೋಚಿಂಗ್ ಸೆಂಟರಿನವರೆಂದು ನನಗೆ ಗೊತ್ತಾಯಿತು. ಉಳಿದವರ ಗಲಾಟೆಯ ನಡುವೆ ನಾನು ಕಿವಿಯೆಲ್ಲ ಅತ್ತ ಕೊಟ್ಟು ನಿಂತೆ.

"ಹೂಂನ್ರಿ ಸರ್... ಇಲ್ರಿ, ಬರಾಕ ಆಗಂಗಿಲ್ಲ... ಇಲ್ರಿ, ಅದಲ್ರಿ. ನನಗ ಇಲ್ಲಿ ಕೆಲಸ ಐತ್ರಿ."

ಫೋನ್ ಇಟ್ಟು ನೇರ ನನ್ನ ಕಡೆ ಬಂದಳು. ಮುಖದಲ್ಲಿ ನಗುವಿರಲಿಲ್ಲ, ಕಣ್ಣಿನಲ್ಲಿತ್ತು.

"ಮೇಡಂ, ಮುಂದಿನ ಸಿಗ್ನಲ್ಲಿಂದ ತೂಕದ ಫೈಲ್ ನಾ ಮಾಡ್ತೀನ್ರಿ. ನೀವು ಮಾಡಬ್ಯಾಡ್ರಿ."

"ಮಾಡು," ಎಂದೆ.